ಕೇಂಬ್ರಿಜ್ಜಿಗೆ ನಾನು ಹೇಳಿದ ಪೀಠಿಕೆ

ಕೇಂಬ್ರಿಜ್ ನಗರವನ್ನು ಜನರಿಗೆ ಪರಿಚಯಿಸುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಇಂಗ್ಲಿಷ್ ಮಾಷ್ಟ್ರು ಎಂಬ ಒಂದೇ ಕಾರಣಕ್ಕೆ. ಬೇಸಿಗೆ ರಜೆಯಲ್ಲಿ ಪುತ್ತೂರಿನ ಒಂದು ಟ್ರಾವೆಲ್ ಏಜೆನ್ಸಿಯ ತಂಡಗಳನ್ನು ಕರೆದುಕೊಂಡು ಹೋಗುವುದು ನನ್ನ ರೂಢಿ. ಕಾಶಿಯಲ್ಲಿ ಬಿಸಿನೀರು ಎಲ್ಲಿ ಸಿಗುತ್ತದೆ, ರಾಮೇಶ್ವರದಲ್ಲಿ ಚಪ್ಪಲಿ ಎಲ್ಲಿ ಕಳೆದುಹೋಗುತ್ತದೆ ಎಂಬುದೆಲ್ಲ ಬಾಯಿಪಾಠ. ಈ ವರ್ಷ ಏಜೆನ್ಸಿ ಮೊದಲ ಬಾರಿಗೆ ಇಂಗ್ಲೆಂಡಿಗೆ ತಂಡ ಕಟ್ಟಿತು. ಹೊರಡುವ ಮೊದಲು ಪುತ್ತೂರು, ಸುಳ್ಯ, ಕಡಬಗಳಲ್ಲಿ ಸಭೆ ಕರೆದು, ಹೋಗುವ ಊರುಗಳನ್ನು ಒಂದೊಂದಾಗಿ ವಿವರಿಸಬೇಕು ಎಂಬುದು ಯಜಮಾನರ ಆಲೋಚನೆ. ಲಂಡನ್ನನ್ನು ಅವರು ತಾವೇ ಇಟ್ಟುಕೊಂಡರು. "ಯೂನಿವರ್ಸಿಟಿ ಇರುವ ಊರು ನಿಮಗೇ ಆಗ್ಬೇಕು ಮಾಷ್ಟ್ರೆ, ನೀವು ಓದಿದವರು" ಎಂದರು. ನಾನು ಇಂಗ್ಲೆಂಡಿನ ನೆಲ ಮೆಟ್ಟಿದವನಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಭೆಗೆ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ನನಗೆ ಇನ್ನೊಂದು ಹುಚ್ಚುಂಟು, ತಾಳಮದ್ದಳೆಯದ್ದು. ಯಕ್ಷಗಾನದ್ದೇ ಕತೆ, ಆದರೆ ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ನಾವು ಶಾಲು ಹೊದ್ದು ಕುಳಿತಲ್ಲೇ ಪಾತ್ರವಾಗಿ ಮಾತನಾಡುತ್ತೇವೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಪಾತ್ರದ ಮೊದಲ ದೊಡ್ಡ ಮಾತು ಪೀಠಿಕೆ. ಪುರಾಣದ ಪಟ್ಟಣಗಳನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಆದರೂ ರಾಜನ ಪೀಠಿಕೆಯಲ್ಲಿ ಅವನ ಊರಿನ ಕೋಟೆ, ಬೀದಿ, ಕೊಳ ಎಲ್ಲವೂ ಕಣ್ಣಾರೆ ಕಂಡ ಹಾಗೆ ಬರಬೇಕು. ಎದುರಿಗೆ ಕುಳಿತವನು ಪ್ರಶ್ನೆ ಹಾಕಿದರೆ ಉತ್ತರ ಆ ಕ್ಷಣಕ್ಕೇ ಹೊರಡಬೇಕು. ಗೊತ್ತಿಲ್ಲ ಎಂದವನ ಕತೆ ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಈ ಅಭ್ಯಾಸವನ್ನು ನಾನು ವಿದ್ಯೆ ಎಂದುಕೊಂಡಿದ್ದೆ.

ತಯಾರಿ ಮಾಡಿಕೊಳ್ಳಲಿಲ್ಲ ಎಂದು ಹೇಳಲಾರೆ. ವೀಡಿಯೊ ನೋಡಿದೆ, ಓದಿದೆ, ಪ್ರಸಂಗದ ಪದಗಳನ್ನು ಜೋಡಿಸಿಕೊಳ್ಳುವ ಹಾಗೆ ವಿಷಯ ಜೋಡಿಸಿಕೊಂಡೆ. ಕ್ಯಾಮ್ ಎಂಬ ನದಿ, ಅದಕ್ಕೊಂದು ಸೇತುವೆ, ಅದರಿಂದ ಊರಿಗೆ ಹೆಸರು. ಎಂಟು ನೂರು ವರ್ಷಗಳಿಂದ ಅಲ್ಲಿ ಪಾಠ ನಡೆಯುತ್ತಿದೆ. ವಿಶ್ವವಿದ್ಯಾಲಯ ಎಂದು ಫಲಕ ಹಾಕಿದ ಒಂದೇ ಗೇಟು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ; ಊರಿನ ತುಂಬ ಬೇರೆ ಬೇರೆ ಕಾಲೇಜುಗಳು, ಒಂದೊಂದಕ್ಕೂ ತನ್ನದೇ ಹೆಬ್ಬಾಗಿಲು, ಕಲ್ಲುಕಟ್ಟಡಗಳ ನಡುವೆ ಚೌಕಾಕಾರದ ಅಂಗಳ, ಪ್ರಾರ್ಥನಾಲಯ, ಊಟದ ಮನೆ. ಬೀದಿಯಲ್ಲಿ ಕಾರಿಗಿಂತ ಸೈಕಲ್ಲು ಹೆಚ್ಚು. ಇವಿಷ್ಟು ನಿಜ. ಇವಿಷ್ಟನ್ನೇ ಹೇಳಿ ಕುಳಿತಿದ್ದರೆ ಆಗುತ್ತಿತ್ತು.

ಸುಳ್ಯದ ಸಭೆಗೆ ಆಲೆಟ್ಟಿ, ಅರಂತೋಡು ಕಡೆಯ ಕೃಷಿಕರು, ಪೇಟೆಯ ವ್ಯಾಪಾರಿಗಳು ಬಂದಿದ್ದರು. ನನ್ನ ಮಾತಿಗೆ ಆರಂಭದಲ್ಲೇ ಏರು ಸಿಕ್ಕಿತು, ಅಂದರೆ ಮಾತು ತಾನಾಗಿ ಮೇಲೇರತೊಡಗಿತು. ಹಿಂದಿನ ಸಾಲಿನಿಂದ ಒಬ್ಬರು, "ಅಲ್ಲಿ ಕುಚ್ಚಲಕ್ಕಿ ಗಂಜಿ ಸಿಕ್ತದಾ?" ಎಂದು ಕೇಳಿದರು.

"ಗಂಜಿ ಸಿಗುದಿಲ್ಲ. ಓಟ್ಸ್ ಅಂತ ಉಂಟು, ಅದು ನಮ್ಮ ಗಂಜಿಗೆ ದೊಡ್ಡಪ್ಪನ ಮಗ ಆಗ್ಬೇಕು" ಎಂದೆ. ಸಭೆ ನಕ್ಕಿತು. ನಕ್ಕ ಸಭೆ ಕೈಗೆ ಸಿಕ್ಕಿತು ಎಂದೇ ನಮ್ಮ ಲೆಕ್ಕ.

ಆಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ಬಿಳಿ ಟೊಪ್ಪಿ, ಇಸ್ತ್ರಿ ಹಾಕಿದ ಅಂಗಿ, ಕಪ್ಪು ಕನ್ನಡಕ. ಕಡಬದಲ್ಲಿ ಅವರ ಜವಳಿ ಅಂಗಡಿ. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರೂ ಅವರನ್ನು ಹಾಜಿಯವರು ಎಂದೇ ಕರೆಯುವುದು. ಕೆಲವು ವರ್ಷಗಳ ಹಿಂದೆ ಅವರ ದೃಷ್ಟಿ ಪೂರ್ತಿ ಹೋಯಿತು. ಈಗ ಅಂಗಡಿ ನೋಡಿಕೊಳ್ಳುವುದು ಅಳಿಯ, ಅಂದರೆ ತಂಗಿಯ ಮಗ. ಆ ದಿನ ಪ್ರವಾಸಕ್ಕೆ ಹೆಸರು ಕೊಡಲು ಬಂದವನೂ ಅಳಿಯನೇ. ಮಾವನನ್ನು ಮನೆಯಲ್ಲಿ ಒಬ್ಬರೇ ಬಿಡುವುದು ಬೇಡವೆಂದು ಜೊತೆಗೆ ಕರೆತಂದಿದ್ದ. ಹಾಜಿಯವರು ತಾಳಮದ್ದಳೆಯ ದೊಡ್ಡ ಕೇಳುಗರು ಎಂಬುದು ನನಗೆ ತಿಳಿದಿತ್ತು, ಕೆಲವು ಕೂಟಗಳಲ್ಲಿ ಅವರನ್ನು ಕಂಡಿದ್ದೆ.

"ಮಾಷ್ಟ್ರೆ, ಒಂದು ಪ್ರಶ್ನೆ ಉಂಟು" ಎಂದರು. "ಕಣ್ಣು ಕಾಣದವನಿಗೆ ಆ ಊರಲ್ಲಿ ಎಂತ ಉಂಟು?"

ತಮಾಷೆಗೆ ಕೇಳಿದ್ದಲ್ಲ. ದನಿಯಲ್ಲಿ ದೂರೂ ಇರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಕೇಳಿದರು. ಒಂದು ಗಳಿಗೆ ಸುಮ್ಮನಿದ್ದು, ವಿಚಾರಿಸಿ ಹೇಳುತ್ತೇನೆ ಎನ್ನಬಹುದಿತ್ತು. ನನ್ನ ಬಾಯಿಗೆ ಅದು ಗೊತ್ತಿಲ್ಲ.

"ಹಾಜಿಯವರೆ, ಆ ಊರು ಇರುದೇ ಕಣ್ಣು ಮುಚ್ಚಿ ನೋಡ್ಲಿಕ್ಕೆ" ಎಂದು ಶುರು ಮಾಡಿದೆ.

ಮೊದಲು ಹೇಳಿದ್ದು ಗಂಟೆಯ ವಿಷಯ. ಗೋಡೆ ಗಡಿಯಾರಗಳಲ್ಲಿ ಕಾಲು ಗಂಟೆಗೊಮ್ಮೆ ಬರುವ ಆ ಪರಿಚಿತ ರಾಗ ಹುಟ್ಟಿದ್ದು ಕೇಂಬ್ರಿಜ್ಜಿನ ಒಂದು ಚರ್ಚಿನಲ್ಲಿ, ಇವತ್ತಿಗೂ ಅಲ್ಲಿ ಅದು ಬಾರಿಸುತ್ತದೆ. ಇದು ಓದಿ ತಿಳಿದದ್ದು, ನಿಜ. ಆಮೇಲೆ ಏರು ನನ್ನನ್ನು ಎತ್ತಿಕೊಂಡು ಹೋಯಿತು. ಸೇತುವೆಯ ಕಲ್ಲಿಗೆ ನದಿ ಬಡಿಯುವ ಸದ್ದು ಹೇಳಿದೆ. ಹೆಬ್ಬಾಗಿಲು ದಾಟಿದ ಕೂಡಲೇ ಪ್ರಾರ್ಥನಾಲಯದಿಂದ ಗಾಯಕರ ದನಿ ಬಂದು ಎದೆಗೆ ತಾಗುತ್ತದೆ ಎಂದೆ. ನೂರಾರು ವರ್ಷ ಹಳೆಯ ಕಂಬಗಳ ಮೇಲೆ ಅಂಗೈ ಆಡಿಸಬಹುದು ಎಂದೆ. ಕೊನೆಗೆ ಅಂಗಳದ ಹುಲ್ಲು. "ಶೂ ಕಳಚಿ ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ನಡೀರಿ ಹಾಜಿಯವರೆ. ಜಮಖಾನೆಯನ್ನು ನೀವು ಎಷ್ಟು ಮಾರಿರಬಹುದು, ಆದ್ರೆ ಅಂಥ ಜಮಖಾನೆ ಮೆಟ್ಟಿರ್ಲಿಕ್ಕಿಲ್ಲ. ನಾನು ಆ ಹುಲ್ಲಿನ ಮೇಲೆ ನಿಂತು ಕಣ್ಣು ಮುಚ್ಚಿದ್ರೆ, ಈ ಲೋಕ ಕಾಣ್ಲಿಕ್ಕೆ ಕಣ್ಣು ಯಾಕೆ ಬೇಕು ಅಂತ ಅನಿಸ್ತದೆ!"

'ನಾನು' ಎಂದೇ ಹೇಳಿದ್ದು, ಅಲ್ಲಿಗೆ ಹೋಗಿ ಬಂದವನ ಹಾಗೆ. ಪಾತ್ರದೊಳಗೆ ಕುಳಿತವನು ಹಾಗೆಯೇ ಹೇಳುವುದು.

ಚಪ್ಪಾಳೆ ನಿಂತ ಮೇಲೂ ಹಾಜಿಯವರು ನಿಂತೇ ಇದ್ದರು. "ಹಾಗಾದ್ರೆ ನಾನೂ ಬರ್ತೇನೆ" ಎಂದರು.

ಅಳಿಯ ಅವರ ತೋಳು ಹಿಡಿದು, "ಮಾಮ, ಮನೆಗೆ ಹೋಗಿ ಮಾತಾಡುವ" ಎಂದ.

"ಮಾತಾಡ್ಲಿಕ್ಕೆ ಇನ್ನೆಂತ ಉಂಟು? ನೀನೂ ಕೇಳಿದ್ದಿ ಅಲ್ವಾ?"

ಚಹಾ ಕುಡಿಯುವಾಗ ನನ್ನನ್ನು ಹತ್ತಿರ ಕರೆದರು. "ಕಣ್ಣು ಹೋದ ಮೇಲೆ ನನ್ನನ್ನು ಕರ್ಕೊಂಡು ಹೋಗುದು ಎರಡೇ ಕಡೆ ಮಾಷ್ಟ್ರೆ, ಆಸ್ಪತ್ರೆಗೆ ಮತ್ತೆ ಮಸೀದಿಗೆ. ಮನೆಯವರು ಟೂರು ಹೋಗ್ತಾರೆ, ನಿಮಗೆ ಅಲ್ಲಿ ಎಂತ ಕಾಣುದು ಅಂತ ಬಿಟ್ಟು ಹೋಗ್ತಾರೆ. ತಪ್ಪಲ್ಲ, ನಾನೂ ಹಾಗೇ ಮಾಡ್ತಿದ್ದೆ. ಆದ್ರೆ ಒಮ್ಮೆ ಎಲ್ಲಿಗಾದ್ರೂ ಹೋಗಿ ಬರ್ಬೇಕು ಅಂತ ಆಸೆ ಉಂಟು, ಮದ್ದಿಗೆ ಅಲ್ಲದೆ."

ಮನೆಯಲ್ಲಿ ಒಪ್ಪಿಗೆ ಸಿಗುವುದು ಸುಲಭವಾಗಿರಲಿಲ್ಲ. ಅಳಿಯ ಕೆಟ್ಟವನಲ್ಲ, ಹೆದರಿಕೆಯವನು. ಪರದೇಶದಲ್ಲಿ ಬಿದ್ದುಗಿದ್ದು ಆದರೆ ಊರಿಗೆ ಏನು ಹೇಳುವುದು ಎಂದು ಅವನ ಚಿಂತೆ. ಹಾಜಿಯವರು ನನ್ನ ಪೀಠಿಕೆಯನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿ, ಹಟ ಹಿಡಿದು ಗೆದ್ದರಂತೆ. ಆಮೇಲೆ ನನಗೆ ಆಗಾಗ ಫೋನು ಬರಲು ಶುರುವಾಯಿತು. "ಮಾಷ್ಟ್ರೆ, ಆ ಹುಲ್ಲು ಮಧ್ಯಾಹ್ನವೂ ಒದ್ದೆ ಇರ್ತದಾ?" ಎಂದು ಒಮ್ಮೆ. "ಕಂಬ ಜಾರುವ ಹಾಗೆ ನಯ ಉಂಟಾ, ಅಲ್ಲ ತರಿ ತರಿ ಉಂಟಾ?" ಎಂದು ಇನ್ನೊಮ್ಮೆ. ನಾನು ಉತ್ತರ ಕೊಟ್ಟೆ. ಒಂದು ಸಲ ಒದ್ದೆ ಎಂದೆ, ಒಂದು ಸಲ ನಯ ಎಂದೆ. ಫೋನು ಇಟ್ಟ ಮೇಲೆ ಕಿವಿ ಬಿಸಿಯಾಗುತ್ತಿತ್ತು.

ಆ ಬಿಸಿಯೇ ನನ್ನನ್ನು ವಿಚಾರಿಸಲು ಹಚ್ಚಿದ್ದು. ಆಫೀಸಿನಲ್ಲಿ ಬಸ್ಸಿನ ವೇಳಾಪಟ್ಟಿ ಕೇಳಿ ನೋಡಿದೆ. ಕೇಂಬ್ರಿಜ್ ನಮಗೆ ಮಧ್ಯಾಹ್ನದ ಊರು. ಊಟದ ಹೊತ್ತಿಗೆ ತಲುಪಿ ಚಹಾದ ಹೊತ್ತಿಗೆ ಬಿಡುವುದು. ಅಲ್ಲಿ ನಮ್ಮನ್ನು ತಿರುಗಾಡಿಸಬೇಕಾದ ಸ್ಥಳೀಯ ಗೈಡ್ ಒಬ್ಬರಿದ್ದರು, ಮಧ್ಯವಯಸ್ಸಿನ ಇಂಗ್ಲಿಷ್ ಮಹಿಳೆ. ಅವರೊಂದಿಗೆ ವೀಡಿಯೊ ಕಾಲ್ ಮಾಡಿ ನನ್ನ ಪೀಠಿಕೆಯ ಒಂದೊಂದೇ ಮಾತನ್ನು ಮುಂದಿಟ್ಟೆ.

ಹುಲ್ಲಿನ ಮಾತಿಗೆ ಆಕೆ ನಕ್ಕುಬಿಟ್ಟರು. ಆ ಅಂಗಳಗಳ ಹುಲ್ಲಿನ ಮೇಲೆ ಕಾಲಿಡುವ ಹಕ್ಕು ಸಾಮಾನ್ಯವಾಗಿ ಕಾಲೇಜಿನ ಹಿರಿಯ ಅಧ್ಯಾಪಕರಿಗೆ ಮಾತ್ರ, ವಿದ್ಯಾರ್ಥಿಗಳಿಗೂ ಇಲ್ಲ. ಸುತ್ತ ಫಲಕವೇ ಹಾಕಿದ್ದಾರೆ. ಅದೂ ನಾವು ಹೋಗುವುದು ಮೇ ತಿಂಗಳು, ಪರೀಕ್ಷೆಯ ಕಾಲ. ಹೆಚ್ಚಿನ ಕಾಲೇಜುಗಳ ಹೆಬ್ಬಾಗಿಲೇ ಪ್ರವಾಸಿಗಳಿಗೆ ಮುಚ್ಚಿರುತ್ತದೆ. ಒಳಗೆ ಹೋಗದೆ ಕಂಬ ಮುಟ್ಟುವುದು ಹೇಗೆ? ಗಾಯಕರು ಹಾಡುವುದು ಸಂಜೆಯ ಪ್ರಾರ್ಥನೆಗೆ, ಅಷ್ಟು ಹೊತ್ತಿಗೆ ನಮ್ಮ ಬಸ್ಸು ದೂರ ಹೋಗಿರುತ್ತದೆ. ನದಿ? ಸಮತಟ್ಟು ಊರು, ನೀರು ಹರಿಯುತ್ತದೋ ನಿಂತಿದೆಯೋ ಎಂದು ನೋಡಿಯೇ ತಿಳಿಯಬೇಕು, ಸದ್ದಂತೂ ಇಲ್ಲ. ನಮ್ಮ ಹೊಳೆಗಳ ಸದ್ದನ್ನು ನಾನು ಅಲ್ಲಿಗೆ ಹೊತ್ತುಕೊಂಡು ಹೋಗಿ ಹರಿಸಿದ್ದೆ.

ನಂಬಿಕೆ ಬಾರದೆ ಕಂಪ್ಯೂಟರಿನಲ್ಲಿ ಬೀದಿಯ ಚಿತ್ರ ತೆರೆದು ಮೌಸ್ ಹಿಡಿದು ಆ ಊರಲ್ಲಿ ನಡೆದೆ. ಬಸ್ಸು ನಿಲ್ಲುವ ರಸ್ತೆ, ಅಲ್ಲಿಂದ ಒಳದಾರಿ, ಗೇಟು, ಗೇಟಿನ ಮುಂದೆ ಫಲಕ. ಇನ್ನೊಂದು ಗೇಟು, ಇನ್ನೊಂದು ಫಲಕ. ಆಕೆ ಹೇಳಿದ್ದು ಸರಿಯಾಗಿತ್ತು.

ಎರಡು ಕಾಲೇಜುಗಳಿಗೆ ಇ-ಮೇಲ್ ಬರೆದೆ, ದೃಷ್ಟಿಯಿಲ್ಲದ ಹಿರಿಯರೊಬ್ಬರನ್ನು ಸ್ವಲ್ಪ ಹೊತ್ತು ಒಳಗೆ ಬಿಡಬಹುದೇ ಎಂದು. ಒಂದರಿಂದ ಉತ್ತರವಿಲ್ಲ. ಇನ್ನೊಂದರಿಂದ ಬಹಳ ಮರ್ಯಾದೆಯ ಉತ್ತರ: ಪರೀಕ್ಷೆ ಮುಗಿದ ಮೇಲೆ ಬನ್ನಿ, ಸಂತೋಷದಿಂದ ತೋರಿಸುತ್ತೇವೆ. ನಮ್ಮ ಶಾಲೆ ಅಷ್ಟರಲ್ಲಿ ಶುರುವಾಗಿರುತ್ತದೆ.

ಯಜಮಾನರಿಗೆ ಹೇಳಿದೆ. ಅವರು ತಲೆ ಎತ್ತದೆ, "ನೀವು ಯಾಕೆ ಮಂಡೆಬಿಸಿ ಮಾಡುದು ಮಾರಾಯ್ರೆ? ಯಾವುದಾದ್ರೂ ಪಾರ್ಕಿನ ಹುಲ್ಲಿನ ಮೇಲೆ ನಿಲ್ಲಿಸಿ ಇದೇ ಅಂತ ಹೇಳಿದ್ರಾಯ್ತು. ಅವರಿಗೆ ಕಾಣ್ತದಾ?" ಎಂದರು.

ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಬಾಯಿಯವರೆಗೆ ಬರಲಿಲ್ಲ. ಅವರು ಮುಂದೆ ಮಾಡೋಣ ಎಂದದ್ದನ್ನು ನಾನು ಸುಳ್ಯದಲ್ಲೇ ಮಾಡಿ ಮುಗಿಸಿದ್ದೆ.

ಗೈಡಿಗೆ ಮತ್ತೆ ಫೋನು ಮಾಡಿದೆ. ಮುಚ್ಚಿದ ಗೇಟುಗಳ ಹೊರಗೆ ಹಾಜಿಯವರಿಗಾಗಿ ಏನಾದರೂ ಉಂಟೇ ಎಂದು ಮೊದಲ ಬಾರಿಗೆ ಸರಿಯಾಗಿ ಕೇಳಿದೆ. ಆಕೆ ಹೇಳಿದರು: ಗಂಟೆಯಂತೂ ಖಂಡಿತ, ಚರ್ಚಿನ ಬುಡದಲ್ಲೇ ನಿಂತು ಕೇಳಬಹುದು. ಓಣಿಯ ಹೊರಗೋಡೆಗಳೂ ಹಳೆಯವೇ, ಮುಟ್ಟಲು ಯಾರ ಅಪ್ಪಣೆಯೂ ಬೇಡ. ಮತ್ತೆ ಪೇಟೆಯ ನಡುವೆ ಊರಿನದ್ದೇ ಒಂದು ಸಣ್ಣ ಕಂಚಿನ ಮಾದರಿ ಇಟ್ಟಿದ್ದಾರೆ. ಬೀದಿ, ಗೋಪುರ, ನದಿ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ತಿಳಿಯಬಹುದು. ಎಲ್ಲರಿಗಿಂತ ಮೊದಲು ಅವರನ್ನು ಅಲ್ಲಿಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಅಂದರೆ ಹಾಜಿಯವರ ಪ್ರಶ್ನೆಗೆ ನಿಜವಾದ ಉತ್ತರ ಇತ್ತು. ನನ್ನ ಉತ್ತರದಷ್ಟು ದೊಡ್ಡದಲ್ಲ, ಆದರೆ ಇತ್ತು.

ಅದನ್ನು ಅವರಿಗೆ ಹೇಳಿ ತಪ್ಪೊಪ್ಪಿಕೊಳ್ಳುವುದು ಎಂದು ನಿಶ್ಚಯಿಸಿದೆ. ಕಡಬದ ಸಭೆ ವೀಸಾ ಕಾಗದಗಳ ವಿಚಾರಕ್ಕೆ ಸೇರಿದ್ದು. ನಾನು ಹೋಗುವಾಗ ಹಾಜಿಯವರು ಆಗಲೇ ಬಂದು ಕುಳಿತಿದ್ದರು, ಅಳಿಯ ಝೆರಾಕ್ಸ್ ಮಾಡಿಸಲು ಹೋಗಿದ್ದ. ಸಭೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಕುಳಿತು ಮಾತಾಡಿಸಿದೆ. ಅವರು ನನ್ನ ದನಿ ಹಿಡಿದು, ಕಾಲು ಸ್ವಲ್ಪ ಎತ್ತಿ ತೋರಿಸಿದರು. "ಹೊಸ ಶೂ ಮಾಷ್ಟ್ರೆ. ಲೇಸು ಇಲ್ಲ, ತೆಗಿಲಿಕ್ಕೆ ಸುಲಭ."

"ಒಳ್ಳೆದಾಯ್ತು" ಎಂದೆ.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಒಬ್ಬನೇ ಕೇಳುಗ, ಪಕ್ಕದ ಕುರ್ಚಿ. ಆದರೆ ಒಬ್ಬರ ಎದುರು ಮೆಲ್ಲಗೆ ತಪ್ಪು ಹೇಳುವುದು ನನಗೆ ಬಾರದು. ಅಷ್ಟರಲ್ಲಿ ಜನ ಬಂದರು, ನಾನು ಮೈಕಿನ ಹತ್ತಿರ ಹೋದೆ.

ಮೈಕಿನಲ್ಲಿ ಹೇಳಿದೆ. ಸುಳ್ಯದಲ್ಲಿ ನಾನು ಆಡಿದ್ದು ತಾಳಮದ್ದಳೆಯ ಅರ್ಥ, ಸತ್ಯವಲ್ಲ. ಆ ನೆಲವನ್ನು ನಾನು ಕಂಡವನೇ ಅಲ್ಲ. ಹುಲ್ಲು ಮೆಟ್ಟುವಂತಿಲ್ಲ, ಬಾಗಿಲು ತೆರೆಯುವುದಿಲ್ಲ, ಹಾಡು ಕೇಳಿಸುವುದಿಲ್ಲ, ನದಿಗೆ ಬಾಯಿಲ್ಲ. ಹೇಳುತ್ತ ಹೋದಂತೆ ಮತ್ತೆ ಏರು ಸಿಕ್ಕಿತು. ನನ್ನನ್ನು ನಾನು ಎಷ್ಟು ಕೆಳಗಿಳಿಸಿಕೊಂಡೆನೋ ಮಾತು ಅಷ್ಟು ಮೇಲೇರಿತು. "ಹಾಜಿಯವರ ಪ್ರಶ್ನೆಗೆ ಇವತ್ತು ನಾನು ಕೊಡಬಲ್ಲ ಉತ್ತರ ಇಷ್ಟೇ. ಕಣ್ಣಿಲ್ಲದವರಿಗೆ ಆ ಊರಲ್ಲಿ ಒಂದು ಮುಚ್ಚಿದ ಬಾಗಿಲು ಬಿಟ್ಟರೆ ಬೇರೇನೂ ಇಲ್ಲ. ಅವರ ಕಾಲಿಗೆ ನಮಸ್ಕಾರ ಮಾಡಿ ಕ್ಷಮೆ ಕೇಳುತ್ತೇನೆ" ಎಂದು ಮುಗಿಸಿದೆ.

ಗಂಟೆ, ಓಣಿಯ ಗೋಡೆ, ಕಂಚಿನ ಮಾದರಿ ಮೂರನ್ನೂ ಬಿಟ್ಟೆ. ಮರೆತದ್ದಲ್ಲ. ನಾಲಿಗೆಯ ತುದಿಯಲ್ಲಿದ್ದವು. ಅವನ್ನು ಸೇರಿಸಿದರೆ ಮುಚ್ಚಿದ ಬಾಗಿಲಿನ ಮಾತು ಸಪ್ಪೆಯಾಗುತ್ತಿತ್ತು, ಅದಕ್ಕೆ ಬಿಟ್ಟದ್ದು.

ಚಪ್ಪಾಳೆ ಸುಳ್ಯಕ್ಕಿಂತ ಜೋರಾಗಿ ಬಿತ್ತು. ಎಲ್ಲರೂ ತಿರುಗಿ ಹಾಜಿಯವರನ್ನು ನೋಡಿದರು. ನೋಡುತ್ತಿದ್ದಾರೆಂದು ಅವರಿಗೆ ಕಾಣಲಿಲ್ಲ, ಪಕ್ಕದಲ್ಲಿದ್ದ ಅಳಿಯನಿಗೆ ಕಂಡಿತು. ಅವನು ಕಾಗದಗಳನ್ನು ಮಡಚಿ ಜೇಬಿಗೆ ಹಾಕಿಕೊಂಡ. ಸಭೆ ಮುಗಿದಾಗ, ಇನ್ನೂ ಹೆಸರು ಕೊಡದಿದ್ದ ಅರಂತೋಡಿನ ದಂಪತಿಯೊಬ್ಬರು ನನ್ನ ಕೈ ಕುಲುಕಿ, "ಇಂಥ ಸತ್ಯವಂತರು ಕರ್ಕೊಂಡು ಹೋಗುದಾದ್ರೆ ನಾವೂ ಬರ್ತೇವೆ" ಎಂದರು. ಯಜಮಾನರು ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಹೌದು, ಆ ಹೊತ್ತಿಗೆ ಖುಷಿಯೇ ಆಯಿತು.

ಕೆಲವು ದಿನ ಕಳೆದು ಅಳಿಯನ ಫೋನು ಬಂತು. "ನಮ್ಮ ಎರಡು ಸೀಟು ಬೇಡ ಮಾಷ್ಟ್ರೆ. ಈಗ ಮಾಮನನ್ನು ಕರ್ಕೊಂಡು ಹೋದ್ರೆ ಜನ ಎಂತ ಹೇಳುದು? ಅಲ್ಲಿ ಎಂತದ್ದೂ ಇಲ್ಲ ಅಂತ ನೀವೇ ಎಲ್ಲರೆದುರು ಹೇಳಿದ್ದಲ್ವಾ? ಮನೆಯಲ್ಲಿ ಹೆಂಗಸರೂ ಅದನ್ನೇ ಹೇಳ್ತಾರೆ." ಅವನ ದನಿಯಲ್ಲಿ ಕೋಪವಿರಲಿಲ್ಲ, ಒಂದು ಭಾರ ಇಳಿದ ಹಾಗಿತ್ತು.

ಮೂರು ನಾಲ್ಕು ದಿನ ಬಿಟ್ಟು ಕಡಬಕ್ಕೆ ಹೋದೆ. ಅವರ ಮನೆ ಅಂಗಡಿಯ ಹಿಂದೆಯೇ. ಹಾಜಿಯವರು ಚಾವಡಿಯಲ್ಲಿ ಕುಳಿತಿದ್ದರು. ನನ್ನ ದನಿ ಕೇಳಿ ಕುರ್ಚಿ ತರಿಸಿದರು, ಒಳಗೆ ಚಹಾಕ್ಕೆ ಹೇಳಿದರು. ಬಯ್ಯುತ್ತಾರೆಂದು ತಯಾರಾಗಿ ಹೋಗಿದ್ದೆ. ಬಯ್ದಿದ್ದರೆ ಉತ್ತರ ಹುಟ್ಟುತ್ತಿತ್ತು.

"ನೀವು ಅಲ್ಲಿಗೆ ಹೋಗಿಲ್ಲ ಅಂತ ಹೇಳಿದ್ರಿ, ಅದು ಒಳ್ಳೆದೇ" ಎಂದರು. "ಆದ್ರೆ ಆ ದಿನ ಸಭೆ ಶುರು ಆಗುವ ಮೊದಲು ನಾವಿಬ್ಬರೇ ಕೂತಿದ್ದೆವು ಅಲ್ವಾ? ನನಗೆ ಮಾತ್ರ ಹೇಳಿದ್ರೆ ಸಾಕಿತ್ತು ಮಾಷ್ಟ್ರೆ. ಹುಲ್ಲು ಇಲ್ಲದಿದ್ರೆ ಇಲ್ಲ, ಬಂದು ನೋಡ್ತೇನೆ ಅಂತ ಹೇಳ್ತಿದ್ದೆ. ಮನೆಯವರನ್ನು ಒಪ್ಪಿಸ್ಲಿಕ್ಕೆ ನನಗೆ ಎಷ್ಟು ಕಷ್ಟ ಆಗಿತ್ತು ಅಂತ ನಿಮಗೆ ಗೊತ್ತುಂಟಲ್ಲ."

ನಾನು ಕಂಚಿನ ಮಾದರಿಯ ವಿಷಯ ಹೇಳಿದೆ. ಗೋಡೆ, ಗಂಟೆ, ಆ ಗೈಡ್ ಮೊದಲು ಅವರನ್ನೇ ಕರೆದೊಯ್ಯುತ್ತೇನೆ ಎಂದದ್ದು, ಎಲ್ಲ ಹೇಳಿದೆ. ಅವರು ಬೆರಳುಗಳನ್ನು ಮೊಣಕಾಲ ಮೇಲೆ ಮೆಲ್ಲಗೆ ಆಡಿಸುತ್ತ ಕೇಳಿದರು.

"ಊರು ಇಡೀ ಬೆರಳಲ್ಲಿ ಸಿಕ್ತದಾ?"

"ಸಿಗ್ತದಂತೆ."

"ಇದನ್ನು ಸಭೆಯಲ್ಲಿ ಯಾಕೆ ಹೇಳ್ಲಿಲ್ಲ?"

ಉತ್ತರ ಇತ್ತು, ಹೇಳಲಾಗಲಿಲ್ಲ. ಅಳಿಯ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಲು ಧೈರ್ಯ ಬರಲಿಲ್ಲ. ಇನ್ನೊಮ್ಮೆ ಯೋಚಿಸಬಹುದೇ ಎಂದು ಅವನನ್ನು ಕೇಳೋಣವೆಂದರೆ, ಅವರ ಎರಡು ಸೀಟುಗಳನ್ನು ಯಜಮಾನರು ಆಗಲೇ ಅರಂತೋಡಿನ ದಂಪತಿಗೆ ಕೊಟ್ಟಾಗಿತ್ತು, ವೀಸಾಕ್ಕೆ ಕಾಗದವೂ ಹೋಗಿತ್ತು.

ಹಾಜಿಯವರೇ ಚಹಾದ ಲೋಟವನ್ನು ನನ್ನತ್ತ ಸರಿಸಿದರು. "ಇರ್ಲಿ, ಚಾ ಕುಡೀರಿ" ಎಂದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಇನ್ನು ಹೋಗ್ಲಿಕ್ಕೆ ಇಲ್ಲ ಅಂತ ಆಯ್ತಲ್ಲ ಮಾಷ್ಟ್ರೆ. ಹೋಗದವನಿಗೆ ನಿಜ ಎಂತಕ್ಕೆ? ಸುಳ್ಯದಲ್ಲಿ ಹೇಳಿದ್ದನ್ನು ಒಮ್ಮೆ ಹೇಳಿ."

ಬೇಡ ಹಾಜಿಯವರೆ ಎಂದೆ. ಅವರು ಎರಡೂ ಪಾದಗಳನ್ನು ನೆಲಕ್ಕೆ ಊರಿ ಕುಳಿತರು.

ಹೇಳಿದೆ. ಅಂಗಳ ದಾಟಿಸಿದೆ, ಕಂಬ ಮುಟ್ಟಿಸಿದೆ, ಶೂ ಕಳಚಿಸಿ ಒದ್ದೆ ಹುಲ್ಲಿನ ಮೇಲೆ ನಡೆಸಿದೆ. ಅವರ ಮುಖ ಅರಳುತ್ತ ಬಂತು. ನನ್ನ ಮಾತು ಒಂದು ಕಡೆಯೂ ತಡವರಿಸಲಿಲ್ಲ. ಸುಳ್ಯಕ್ಕಿಂತ ಚೆನ್ನಾಗಿ ಹೇಳಿದೆ.